ಅಳದಂಗಡಿಯ ಶತ್ರು

ಇಪ್ಪತ್ತನಾಲ್ಕು ಜನರಿಗೆ ಇಪ್ಪತ್ತಮೂರು ಜೊತೆ ಖಾಕಿ ಬಂತು. ಧರ್ಣಪ್ಪನ ಆದಿತ್ಯವಾರ ಹಾಳಾಗಲು ಅಷ್ಟೇ ಸಾಕಾಯಿತು.

ಚೀನಾ ಯುದ್ಧ ಮುಗಿದು ವರ್ಷ ದಾಟಿತ್ತು. ಊರೂರಿನಲ್ಲಿ ಹೋಮ್ ಗಾರ್ಡ್ಸ್ ಎಂಬ ಅರೆಹೊತ್ತಿನ ಪಡೆ ಹುಟ್ಟಿಕೊಂಡಂತೆ ಅಳದಂಗಡಿಯಲ್ಲಿಯೂ ಒಂದು ಪ್ಲಟೂನು ಹುಟ್ಟಿತ್ತು. ವಾರವಿಡೀ ಗದ್ದೆ ಉಳುವವರು, ಬೀಡಿ ಕಟ್ಟುವವರು, ತೆಂಗಿನಕಾಯಿ ಕೀಳುವವರು ಆದಿತ್ಯವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಹೊಸದಾಗಿ ಕಲಿಯುತ್ತಿದ್ದರು. ಮೂರು ತಿಂಗಳಿಗೊಮ್ಮೆ ಮಂಗಳೂರಿನಿಂದ ಒಬ್ಬ ಹವಾಲ್ದಾರ ಒಂದು ಬಂದೂಕು ತಂದು, ಎಲ್ಲರಿಗೂ ಒಮ್ಮೆ ಮುಟ್ಟಲು ಕೊಟ್ಟು, ಬಟ್ಟೆಯಲ್ಲಿ ಸುತ್ತಿ ವಾಪಸು ಒಯ್ಯುತ್ತಿದ್ದ. ಉಳಿದ ದಿನಗಳಲ್ಲಿ ಬಿದಿರಿನ ದೊಣ್ಣೆಯೇ ಬಂದೂಕು.

ಪ್ಲಟೂನಿನ ಕಮಾಂಡರು ವಿಜಯರಾಜ ಹೆಗ್ಡೆಯವರು. ಜೈನರ ಹಳೆಯ ಮನೆತನ, ಪೇಟೆಯಲ್ಲಿ ಜವಳಿ ಅಂಗಡಿ, ಕುತ್ತಿಗೆಯಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ. ಖಾಕಿ ಹಂಚಿ ಮುಗಿದ ಮೇಲೆ ಖಾಲಿ ಕೈಯಲ್ಲಿ ಉಳಿದವನನ್ನು ಅವರು ಬಹಳ ಹೊತ್ತು ನೋಡಿದರು.

"ಧರ್ಣಪ್ಪ, ನಿನಗೆ ಚಡ್ಡಿ ಇಲ್ಲ. ಹಾಗಾಗಿ ಬರುವ ಆದಿತ್ಯವಾರದ ಕವಾಯತಿನಲ್ಲಿ ನೀನೇ ಶತ್ರು."

"ಶತ್ರು ಅಂದರೆ ಎಂಥ ಮಾಡಬೇಕು ಧನಿಗಳೇ?"

"ನಡೀಬೇಕು. ಬೆಳಿಗ್ಗೆ ಎಂಟು ಗಂಟೆಗೆ ಬಾಂಬು ಹಿಡ್ಕೊಂಡು ಇಲ್ಲಿಂದ ಹೊರಟು ಬೆಳ್ತಂಗಡಿಯ ಸೇತುವೆಗೆ ಹೋಗಬೇಕು. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಅಡ್ಡಗೀಟು ಹಾಕಿದರೆ ಸೇತುವೆ ಹಾರಿತು ಅಂತ ಲೆಕ್ಕ. ಅಷ್ಟರ ಒಳಗೆ ನಮ್ಮವರು ನಿನ್ನನ್ನು ಹಿಡೀಬೇಕು. ಮೂರು ಗಂಟೆಗೆ ಜಿಲ್ಲಾ ಕಮಾಂಡೆಂಟರು ನೋಡಲಿಕ್ಕೆ ಬರ್ತಾರೆ."

ಧರ್ಣಪ್ಪನಿಗೆ ಕೇಳಿಯೇ ಕಾಲು ನೋಯತೊಡಗಿತು. ಏಳು ಮೈಲಿ! ಅವನಿಗೆ ನಲವತ್ತಾರು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ನಡೆಯುವುದರಲ್ಲಿಯೇ ಕಳೆದಿತ್ತು. ಅವನದು ಸರಕಾರದ ಕೆಲಸ, ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವುದು. ತಿರುಗಣೆಯಂಥ ಸಣ್ಣ ಸೂಜಿಯನ್ನು ತೋಳಿಗೊತ್ತಿ ಒಮ್ಮೆ ತಿರುಗಿಸಿದರೆ ಆಯಿತು. ಆದರೆ ಒತ್ತಿಸಿಕೊಳ್ಳುವ ತೋಳು ಸಿಗಬೇಕಲ್ಲ? ಅವನ ಖಾಕಿ ಬ್ಯಾಗು ಗದ್ದೆಯ ಹುಣಿಯ ಮೇಲೆ ಕಂಡಿತೆಂದರೆ ಊರು ಹುಲಿ ಬಂದ ಕಾಡಿನಂತೆ ಸ್ತಬ್ಧವಾಗುತ್ತಿತ್ತು. ಮಕ್ಕಳು ಅಟ್ಟ ಹತ್ತುತ್ತಿದ್ದರು, ದೊಡ್ಡವರಿಗೆ ತಟ್ಟನೆ ಪರವೂರಿನಲ್ಲಿ ಕೆಲಸ ನೆನಪಾಗುತ್ತಿತ್ತು. ನೆರಿಯದ ಕಾಡಂಚಿನವರೆಗೆ ನಡೆದು, ಒಂದೂ ತೋಳು ಸಿಗದೆ ಮರಳಿ ಬಂದ ದಿನಗಳು ಎಷ್ಟೋ.

ಅವನ ಮುಖ ಕಂಡು ಹೆಗ್ಡೆಯವರು ದನಿ ತಗ್ಗಿಸಿದರು. "ನೋಡು ಮಾರಾಯ, ನೀನು ಬೇಗ ಸಿಕ್ಕಿದರೆ ಎಲ್ಲರಿಗೂ ಒಳ್ಳೇದು. ಮೊದಲನೇ ಕಾವಲು ಒಂದು ಮೈಲಿ ದೂರದಲ್ಲಿ, ಗೋಳಿಮರದ ಹತ್ತಿರ. ಅಲ್ಲೇ ಸಿಕ್ಕಿಬೀಳು. ಕೈ ಕಟ್ಟಿ ಕೂರಿಸ್ತಾರೆ. ಎರಡು ಗಂಟೆಯವರೆಗೆ ನೆರಳಲ್ಲಿ ಮಲಗು. ಆಮೇಲೆ ಬಸ್ಸಿನಲ್ಲಿ ಸೇತುವೆಗೆ ಕರ್ಕೊಂಡು ಬಂದು ಕಮಾಂಡೆಂಟರ ಎದುರು ನಿಲ್ಲಿಸ್ತಾರೆ. ನೀನು ತಲೆ ತಗ್ಗಿಸಿದರೆ ಆಯ್ತು. ಇದು ಚೆಂದ ಆಗಿ ನಮ್ಮ ಪ್ಲಟೂನಿಗೆ ಮಂಗಳೂರಿನ ಹತ್ತು ದಿನದ ಕ್ಯಾಂಪು ಸಿಕ್ಕಿದರೆ, ನಿನ್ನ ಮೂಡಬಿದ್ರೆ ವರ್ಗಾವಣೆಯ ಮಾತು ನಾನು ಆಡ್ತೇನೆ."

ಮೂಡಬಿದ್ರೆಯೆಂದರೆ ಪೇಟೆ, ಮನೆಗೆ ಮನೆ ತಾಗಿದ ಬೀದಿ, ಏರದ ಇಳಿಯದ ದಾರಿ. ಅದಕ್ಕಿಂತಲೂ, ಒಂದು ಇಡೀ ಹಗಲು ಮರದ ಕೆಳಗೆ ನಿದ್ದೆ. ಧರ್ಣಪ್ಪ ಶತ್ರುವಾಗಲು ಒಪ್ಪಿದ.

ಆದಿತ್ಯವಾರ ಬೆಳಿಗ್ಗೆ ಬಾಂಬಿಗೆಂದು ಹಿತ್ತಲಿನಿಂದ ಒಂದು ಇಟ್ಟಿಗೆ ತಂದ. ಇಟ್ಟಿಗೆ ಹಾಕಲು ಚೀಲ ಬೇಕಿತ್ತು. ಮನೆಯಲ್ಲಿ ಇದ್ದ ಗಟ್ಟಿ ಚೀಲ ಒಂದೇ, ದಾಕಿನ ಬ್ಯಾಗು. ಅದರ ಸೂಜಿ ಡಬ್ಬಿಯನ್ನೆಲ್ಲ ತೆಗೆದಿಟ್ಟು ಇಟ್ಟಿಗೆ ತುಂಬಿದ.

"ಹಿಡಿದವರು ಊಟ ಕೊಡ್ತಾರಾ?" ಎಂದು ಹೆಂಡತಿ ಲೋಲಾಕ್ಷಿ ಕೇಳಿದಳು.

"ನಿದ್ದೆ ಕೊಟ್ಟರೆ ಸಾಕು" ಎಂದು ಧರ್ಣಪ್ಪ ಹೊರಟ.

ಗೋಳಿಮರದಡಿಯಲ್ಲಿ ಎಂಟು ಜನ ದೊಣ್ಣೆ ಹಿಡಿದು ನಿಂತಿದ್ದರು. ಅವರ ಮುಂದಾಳು ಕುಶಾಲಪ್ಪ, ತೆಂಗಿನಕಾಯಿ ಕೀಳುವವನು. ಆರಡಿ ಆಳು, ಎದೆಯೆಂದರೆ ಭತ್ತದ ಕಣಜ. ಧರ್ಣಪ್ಪನನ್ನು ಕಂಡದ್ದೇ "ಯಾರಲ್ಲಿ? ನಿಲ್ಲು!" ಎಂದು ಗುಡುಗಿದ.

"ನಾನೇ ಮಾರಾಯ, ಶತ್ರು. ಹಿಡಿ."

ಕುಶಾಲಪ್ಪ ಎರಡು ಹೆಜ್ಜೆ ಮುಂದೆ ಬಂದ. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದ. ಅವನ ಕಣ್ಣು ಬ್ಯಾಗಿನ ಮೇಲಿತ್ತು.

"ಧರ್ಣಪ್ಪಣ್ಣ, ಅದರಲ್ಲಿ ಎಂಥ ಉಂಟು?"

"ಬಾಂಬು."

"ಸತ್ಯ ಹೇಳಿ."

"ಸತ್ಯವೇ. ತೋರಿಸ್ತೇನೆ ನೋಡು" ಎಂದು ಧರ್ಣಪ್ಪ ಬ್ಯಾಗಿನೊಳಗೆ ಕೈ ಹಾಕಿದ.

"ನಾನು ಹೇಳಿದೆ ಅಲ್ವಾ! ಕವಾಯತು ಅಂತ ಕರೆದು ದಾಕು ಹಾಕುವ ಉಪಾಯ ಇದು!" ಎಂದು ಹಿಂದಿನ ಸಾಲಿನವನೊಬ್ಬ ಕಿರುಚಿದ. ಇಟ್ಟಿಗೆ ಹೊರಬರುವಷ್ಟರಲ್ಲಿ ಏಳು ಜನ ಕಾಣಲಿಲ್ಲ. ಎಂಟನೆಯವನು ಕಂಡ, ಆದರೆ ಪಕ್ಕದ ತೆಂಗಿನ ಮರದ ತುದಿಯಲ್ಲಿ.

"ಕುಶಾಲಪ್ಪ, ಇಳಿ. ಇದು ಇಟ್ಟಿಗೆ ಮಾರಾಯ."

"ಇಟ್ಟಿಗೆಯ ಅಡಿಯಲ್ಲಿ ಎಂಥ ಉಂಟು?"

"ಎಂಥದ್ದೂ ಇಲ್ಲ!"

"ನನಗೆ ಗೊತ್ತುಂಟು. ನನ್ನ ತಮ್ಮನಿಗೆ ನೀವು ಹಾಕಿದ ಮೇಲೆ ಹನ್ನೆರಡು ದಿವಸ ತೋಳು ಎತ್ತಲಿಕ್ಕೆ ಆಗಲಿಲ್ಲ. ನಾನು ತೋಳೆತ್ತದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ."

ಧರ್ಣಪ್ಪ ಇಟ್ಟಿಗೆಯನ್ನು ಮತ್ತೆ ಬ್ಯಾಗಿಗೆ ಹಾಕಿದ. ಅವನು ಮರದ ಬುಡದಲ್ಲಿ ಕೂತ. "ಹಾಗಾದರೆ ಹಿಡಿದೆ ಅಂತ ಬಾಯಲ್ಲಿ ಹೇಳು. ನಾನು ಇಲ್ಲಿಯೇ ಮಲಗ್ತೇನೆ."

"ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕೈ ಕಟ್ಟಬೇಕು ಅಂತ ರೂಲು. ಹಗ್ಗ ಕೆಳಗೆ ಉಂಟು, ನೀವೇ ಕಟ್ಟಿಕೊಳ್ಳಿ."

ಧರ್ಣಪ್ಪ ಪ್ರಯತ್ನಪಟ್ಟ. ತನ್ನ ಎರಡು ಕೈಗಳನ್ನು ತಾನೇ ಕಟ್ಟಿಕೊಳ್ಳುವುದು ಎಷ್ಟು ಕಷ್ಟವೆಂದು ಕಟ್ಟಿಕೊಂಡವರಿಗೇ ಗೊತ್ತು. ಹಲ್ಲಿನಿಂದ ಗಂಟು ಹಾಕಲು ಹೋಗಿ ತೆಂಗಿನ ನಾರು ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಾಗ ಮೇಲಿನಿಂದ "ಬಿಡಿ, ನೀವು ಮುಂದೆ ಹೋಗಿ. ನಾನು ನಿಮ್ಮನ್ನು ನೋಡಲೇ ಇಲ್ಲ ಅಂತ ಹೇಳ್ತೇನೆ" ಎಂಬ ಸಮಾಧಾನ ಬಂತು.

ರಸ್ತೆ ಬದಿಯ ಚಹಾದಂಗಡಿಯ ಮೂಸಬ್ಬ ಎಲ್ಲವನ್ನೂ ನೋಡುತ್ತಿದ್ದ. ಪರರ ಕಷ್ಟ ಕಂಡರೆ ಸುಮ್ಮನಿರುವ ಜಾಯಮಾನ ಅವನದಲ್ಲ.

"ಧರ್ಣಪ್ಪಣ್ಣ, ನೀವು ಬೇಜಾರು ಮಾಡಬೇಡಿ. ನಾನು ಸೈಕಲಿನಲ್ಲಿ ಮುಂದೆ ಹೋಗಿ ಗುರುವಾಯನಕೆರೆಯ ಕಾವಲಿನವರಿಗೆ ಎಲ್ಲಾ ಸರಿಯಾಗಿ ಹೇಳ್ತೇನೆ."

"ಬೇಡ ಮೂಸಬ್ಬ, ಎಂಥದ್ದೂ ಹೇಳಬೇಡ."

"ನೀವು ಸುಮ್ಮನೆ ಇರಿ. ನನಗೆ ಹೇಳಲಿಕ್ಕೆ ಗೊತ್ತುಂಟು."

ಅವನು ಎಲ್ಲವನ್ನೂ ಸರಿಯಾಗಿಯೇ ಹೇಳಿದನಂತೆ. ಧರ್ಣಪ್ಪ ದಾಕಿನ ಬ್ಯಾಗು ಹಿಡಿದು ಬರುತ್ತಿದ್ದಾನೆ. ಒಳಗೆ ಬರೇ ಇಟ್ಟಿಗೆ ಎಂದು ಹೇಳುತ್ತಾನೆ. ಕುಶಾಲಪ್ಪ ಇನ್ನೂ ಮರದಿಂದ ಇಳಿದಿಲ್ಲ. ಮೂರೂ ನಿಜ. ಆದರೆ ಮೂರನ್ನೂ ಒಟ್ಟಿಗೆ ಕೇಳಿದವರಿಗೆ ಆದದ್ದೇ ಬೇರೆ.

ಬಿಸಿಲಿನಲ್ಲಿ ಮೂರು ಮೈಲಿಗೂ ಹೆಚ್ಚು ನಡೆದು ಧರ್ಣಪ್ಪ ಗುರುವಾಯನಕೆರೆ ಮುಟ್ಟಿದಾಗ ಎರಡನೆಯ ಕಾವಲಿನ ಜಾಗದಲ್ಲಿ ಎಂಟು ದೊಣ್ಣೆ, ಎಂಟು ಟೊಪ್ಪಿ ಮತ್ತು ಎಂಟು ಗ್ಲಾಸು ಚಹಾ ಇದ್ದವು. ಚಹಾದಿಂದ ಇನ್ನೂ ಹಬೆ ಏಳುತ್ತಿತ್ತು. ಧರ್ಣಪ್ಪ ಒಂದು ಗ್ಲಾಸು ಎತ್ತಿ ಕುಡಿದ. ಕುಡಿಯುತ್ತ ಕೆರೆಯ ಕಡೆ ನೋಡಿದರೆ, ನಡುವೆ ಕುತ್ತಿಗೆಮಟ್ಟದ ನೀರಿನಲ್ಲಿ ಎಂಟು ತಲೆಗಳು, ಮಡಕೆ ತೇಲಿಬಿಟ್ಟ ಹಾಗೆ.

"ಎಂಥ ಮಾಡ್ತಾ ಇದ್ದೀರಿ ಅಲ್ಲಿ?"

"ಸ್ನಾನ!" ಎಂದಿತು ಒಂದು ತಲೆ.

"ಖಾಕಿ ಹಾಕಿಕೊಂಡಾ?"

"ಖಾಕಿಯೂ ಒಗೆದ ಹಾಗೆ ಆಯ್ತು!"

"ಮೇಲೆ ಬಂದು ನನ್ನನ್ನು ಹಿಡೀರಿ ಮಾರಾಯರೆ. ನಿಮ್ಮ ಕಾಲು ಹಿಡೀತೇನೆ."

ಕಾಲು ಹಿಡಿಯುವ ಮಾತು ಕೇಳಿ ಎಂಟು ತಲೆಗಳೂ ಇನ್ನಷ್ಟು ಹಿಂದೆ ಸರಿದವು. ಈ ಸಲ ದಾಕನ್ನು ತೊಡೆಗೆ ಹಾಕುತ್ತಾರೆ ಎಂಬ ಸುದ್ದಿಯನ್ನೂ ಮೂಸಬ್ಬ ತನ್ನ ಕಡೆಯಿಂದ ಸೇರಿಸಿದ್ದು ಧರ್ಣಪ್ಪನಿಗೆ ಆಮೇಲೆ ತಿಳಿಯಿತು.

ಅವನು ಇಟ್ಟಿಗೆಯನ್ನು ಕೆರೆದಂಡೆಯಲ್ಲಿ ಬಿಟ್ಟು, ಖಾಲಿ ಬ್ಯಾಗನ್ನು ಹೆಗಲಿಗೆ ಹಾಕಿ, ಪಾದ ಎಳೆಯುತ್ತ ಮುಂದೆ ಹೋದ. ಅರ್ಧ ಮೈಲಿ ಹೋಗಿರಲಿಲ್ಲ, ರಸ್ತೆ ಬದಿಯ ಮನೆಯೊಂದರ ಬೇಲಿಯಿಂದ ಒಂದು ಕೈ ಹೊರಬಂದು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

ಅವ್ವಮ್ಮ. ಎಪ್ಪತ್ತು ದಾಟಿದ ಮುದುಕಿ, ಹಿಡಿತ ಮಾತ್ರ ಇಕ್ಕಳದ್ದು.

"ಸಿಕ್ಕಿದೆಯಾ? ಎರಡು ತಿಂಗಳಿಂದ ಹೇಳಿ ಕಳಿಸ್ತಾ ಇದ್ದೇನೆ. ನಾಲ್ಕು ಮೊಮ್ಮಕ್ಕಳು ಇದ್ದಾರೆ, ಒಂದಕ್ಕೂ ದಾಕು ಹಾಕಿಲ್ಲ. ಈಗಲೇ ಹಾಕು."

"ಅವ್ವಮ್ಮ, ಇವತ್ತು ನನ್ನ ಹತ್ತಿರ ಮದ್ದಿಲ್ಲ. ಇವತ್ತು ನಾನು ಶತ್ರು."

"ಯಾರಿಗೆ?"

ಉತ್ತರಕ್ಕೆ ಕಾಯದೆ ಅವ್ವಮ್ಮ ಅವನನ್ನು ಜಗಲಿಗೆ ಎಳೆದೊಯ್ದು ಕೂರಿಸಿ ಗಂಜಿ, ಉಪ್ಪಿನಕಾಯಿ ತಂದಿಟ್ಟಳು. ಅವನು ಉಣ್ಣುವಾಗ ಎದುರಿಗೆ ಕೂತು, "ನನ್ನ ದೊಡ್ಡವ ಸಿಡುಬಿನಲ್ಲಿಯೇ ಹೋದ. ಏಳು ವರ್ಷ ಆಗಿತ್ತು. ಆಗ ದಾಕಿನವ ಬಂದಿದ್ದ, ನಾನೇ ಮಗುವನ್ನು ಹುಲ್ಲಿನ ಅಟ್ಟದಲ್ಲಿ ಅಡಗಿಸಿದ್ದೆ" ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ನಾಳೆ ಬರ್ತೀಯಾ?"

"ಬರ್ತೇನೆ" ಎಂದ ಧರ್ಣಪ್ಪ. ಇಪ್ಪತ್ತು ವರ್ಷದಲ್ಲಿ ಅವನನ್ನು ಕೈ ಹಿಡಿದು ಒಳಗೆ ಕರೆದವರು ಬೆರಳೆಣಿಕೆಯಷ್ಟು. ಅವನಿಗೆ ಒಂದು ಆಸೆ ಹುಟ್ಟಿತು. "ಅವ್ವಮ್ಮ, ಒಂದು ಉಪಕಾರ ಮಾಡುತ್ತೀರಾ? ನನ್ನ ಕೈ ಕಟ್ಟಿ ಇಲ್ಲಿಯೇ ಇಟ್ಟುಕೊಳ್ಳಿ. ಮೂರು ಗಂಟೆಗೆ ಹೆಗ್ಡೆಯವರಿಗೆ ಒಪ್ಪಿಸಿದರೆ ಆಯ್ತು."

"ನನಗೆ ಬೇರೆ ಕೆಲಸ ಇಲ್ವಾ?" ಎಂದು ಅವ್ವಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ತೊಂದರೆಯ ಬೇರು ಬ್ಯಾಗೇ ಎಂದು ಧರ್ಣಪ್ಪ ಅದನ್ನು ಆ ಜಗಲಿಯಲ್ಲಿಯೇ ಬಿಟ್ಟ. ಸೇತುವೆ ಕಾಣಿಸಿದಾಗ, ಶರಣಾಗುವವರು ಮಾಡುವಂತೆ, ಎರಡೂ ಕೈ ಮೇಲೆತ್ತಿ ನಡೆದ. ಸೇತುವೆಯ ಆಚೆ ತುದಿಯಲ್ಲಿ ಕೊನೆಯ ಏಳು ಜನ ಒತ್ತಾಗಿ ನಿಂತಿದ್ದರು. ಮೂಸಬ್ಬನ ಸೈಕಲು ಅಲ್ಲಿಗೂ ಬಂದು ಹೋಗಿತ್ತು.

"ಬ್ಯಾಗಿಲ್ಲ!" ಎಂದ ಒಬ್ಬ.

"ಹಾಗಾದರೆ ಸೂಜಿ ಕಿಸೆಯಲ್ಲಿ!" ಎಂದ ಇನ್ನೊಬ್ಬ.

"ಕೈ ಯಾಕೆ ಎತ್ತಿದ್ದಾರೆ ಮತ್ತೆ?"

ಅದಕ್ಕೆ ಯಾರಿಗೂ ಉತ್ತರ ಹೊಳೆಯಲಿಲ್ಲ. ಹೊಳೆಯದ್ದರಿಂದಲೇ ಹೆದರಿಕೆ ಇಮ್ಮಡಿಯಾಯಿತು. ಏಳೂ ಜನ ಹೊಳೆಯ ಮರಳಿಗೆ ಹಾರಿ ಓಡಿದರು.

ಧರ್ಣಪ್ಪ ಕೈ ಇಳಿಸಿದ. ಸೇತುವೆ ಖಾಲಿ. ಕಿಸೆಯಲ್ಲಿ ಸೀಮೆಸುಣ್ಣ ಇತ್ತು. ಒಂದು ಗೀಟು ಎಳೆದರೆ ಬೆಳ್ತಂಗಡಿಯ ದಾರಿ ಮುಗಿಯುತ್ತಿತ್ತು, ಹೆಗ್ಡೆಯವರ ಮಾನವೂ ಮುಗಿಯುತ್ತಿತ್ತು. ಅವನಿಗೆ ಮನಸ್ಸು ಬರಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತ. ಕೂತಲ್ಲಿಯೇ ನಿದ್ದೆ ಬಂತು.

ಎಚ್ಚರವಾದಾಗ ಎದುರಿಗೆ ಒಂದು ಜೀಪು ನಿಂತಿತ್ತು. ಕಮಾಂಡೆಂಟರು ಅರ್ಧ ಗಂಟೆ ಮೊದಲೇ ಬಂದಿದ್ದರು. ಮೈಸೂರು ಕಡೆಯವರು, ದೊಡ್ಡ ಮೀಸೆ. ಪಕ್ಕದಲ್ಲಿ ಹೆಗ್ಡೆಯವರು. ದಾರಿಯುದ್ದಕ್ಕೂ "ನಮ್ಮವರ ಕಣ್ಣು ತಪ್ಪಿಸಿ ಇರುವೆ ಕೂಡ ದಾಟುವುದಿಲ್ಲ ಸಾರ್" ಎಂದು ಹೇಳುತ್ತ ಬಂದಿದ್ದ ಅವರ ಬಾಯಿ ಈಗ ತೆರೆದಂತೆಯೇ ನಿಂತಿತ್ತು.

"ಯಾರಯ್ಯಾ ನೀನು?" ಎಂದರು ಕಮಾಂಡೆಂಟರು.

ಧರ್ಣಪ್ಪ ಎದ್ದು ಸೆಲ್ಯೂಟು ಹೊಡೆದ. "ಶತ್ರು, ಸಾರ್."

"ಸೇತುವೆ ಹಾರಿಸಿಬಿಟ್ಯಾ?"

"ಇಲ್ಲ ಸಾರ್. ಹಿಡಿಯುವವರು ಬರಲಿ ಅಂತ ಕೂತಿದ್ದೇನೆ."

ಹೆಗ್ಡೆಯವರು ಸೀಟಿ ಊದಿದರು. ಮತ್ತೆ ಊದಿದರು. ಕೊನೆಗೆ ಜೀಪನ್ನೇ ಕಳಿಸಿ ಮರದ ತುದಿಯಿಂದ, ಕೆರೆಯಿಂದ, ಮರಳಿನಿಂದ ಪ್ಲಟೂನನ್ನು ಹೆಕ್ಕಿ ತಂದು ಹೊಳೆಬದಿಯ ಬಯಲಿನಲ್ಲಿ ಸಾಲು ನಿಲ್ಲಿಸುವಾಗ ಒಂದು ಗಂಟೆ ಕಳೆದಿತ್ತು. ಎಂಟು ಜನರ ಚಡ್ಡಿಯಿಂದ ಇನ್ನೂ ನೀರು ಇಳಿಯುತ್ತಿತ್ತು.

"ಒಬ್ಬ ಮುದುಕ ಏಳು ಮೈಲಿ ನಡ್ಕೊಂಡು ಬಂದಿದಾನೆ. ಇಪ್ಪತ್ತಮೂರು ಜನ ಏನ್ರಯ್ಯಾ ಮಾಡ್ತಿದ್ರಿ?"

"ಸಾರ್, ಶತ್ರುವನ್ನು ಒಳಗೆ ಬರಲಿಕ್ಕೆ ಬಿಟ್ಟು ಸುತ್ತುಗಟ್ಟುವ ತಂತ್ರ…" ಎಂದು ಹೆಗ್ಡೆಯವರು ತೊಡಗಿದರು. ಕಮಾಂಡೆಂಟರು ತಿರುಗಿ ನೋಡಿದ್ದೇ ತಂತ್ರ ಅಲ್ಲಿಗೇ ನಿಂತಿತು.

ಕುಶಾಲಪ್ಪನಿಗೆ ತಡೆಯಲಾಗಲಿಲ್ಲ. ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ನಾವು ಶತ್ರುವಿಗೆ ಹೆದರಿದ್ದಲ್ಲ. ದಾಕಿಗೆ. ಧರ್ಣಪ್ಪಣ್ಣ ದಾಕು ಹಾಕುವವರು. ನಮಗೆ ಯಾರಿಗೂ ಇನ್ನೂ ಹಾಕಿಲ್ಲ. ಹತ್ತಿರ ಹೋದರೆ ಹಾಕಿಬಿಡ್ತಾರೆ ಅಂತ ಓಡಿದ್ದು. ನಿಜವಾದ ಶತ್ರು ಬಂದರೆ ನಾವು ಓಡುವುದಿಲ್ಲ."

ಕಮಾಂಡೆಂಟರ ಮೀಸೆ ಅದುರಿತು. ಮತ್ತೆ ಹೊಟ್ಟೆ ಅದುರಿತು. ಅವರು ಜೀಪಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಬದುಕಿದೆವು ಎಂದು ಪ್ಲಟೂನೂ ನಕ್ಕಿತು. ನಗದೆ ಇದ್ದವರು ಇಬ್ಬರೇ. ಹೆಗ್ಡೆಯವರು ಆಕಾಶ ನೋಡುತ್ತಿದ್ದರು. ಧರ್ಣಪ್ಪ ನೆಲ ನೋಡುತ್ತಿದ್ದ.

ಕಮಾಂಡೆಂಟರು ಕಣ್ಣೊರೆಸಿಕೊಂಡು, ಏನೋ ನೆನಪಾದವರಂತೆ, ಜೀಪಿನಿಂದ ಒಂದು ಫೈಲು ತೆಗೆದರು. ಹಾಳೆ ಮಗುಚಿದರು. ನಗು ಸ್ವಲ್ಪಸ್ವಲ್ಪವಾಗಿ ಮುಖದಿಂದ ಇಳಿದುಹೋಯಿತು.

"ಕ್ಯಾಂಪಿಗೆ ಅಂತ ಹೋದ ತಿಂಗಳು ನೀವು ಕಳಿಸಿದ ಪಟ್ಟಿ ಇದು. ಅಳದಂಗಡಿ ಪ್ಲಟೂನು, ಇಪ್ಪತ್ತನಾಲ್ಕು ಹೆಸರು. ಪ್ರತಿ ಹೆಸರಿನ ಮುಂದೆ 'ದಾಕು ಹಾಕಲಾಗಿದೆ.' ಕೆಳಗೆ ರುಜು, ಧರ್ಣಪ್ಪ." ಅವರು ತಲೆಯೆತ್ತಿದರು. "ಈ ಧರ್ಣಪ್ಪ ನೀನೇ ತಾನೇ?"

'ಬರಿ ಮಾರಾಯ, ಕಾಗದ ನಾಳೆ ಮಂಗಳೂರಿಗೆ ಹೋಗಬೇಕು, ದಾಕು ಆಮೇಲೆ ಹಾಕಿದರಾಯ್ತು' ಎಂದು ಆ ದಿನ ಪೆನ್ನು ಕೈಗಿತ್ತವರು ಈಗಲೂ ಆಕಾಶವನ್ನೇ ನೋಡುತ್ತಿದ್ದರು. ಮೂರು ವಾರ ಅಟ್ಟಿಸಿಕೊಂಡು ಹೋಗಿ, ಒಂದು ತೋಳೂ ಸಿಗದೆ, ಕಾಲು ಸೋತು ಬರೆದುಕೊಟ್ಟ ರುಜು ಅದು.

"ನಾನೇ ಸಾರ್" ಎಂದ ಧರ್ಣಪ್ಪ. "ಇಪ್ಪತ್ತಮೂರು ಸುಳ್ಳು. ಇಪ್ಪತ್ತನಾಲ್ಕನೆಯವ ನಾನು, ಅದೊಂದು ಸತ್ಯ." ಅವನು ಅಂಗಿಯ ತೋಳು ಮೇಲೆತ್ತಿದ. ಜನರಿಗೆ ಧೈರ್ಯ ಬರಲೆಂದು ಊರೂರಿನಲ್ಲಿ ಮೊದಲು ತನ್ನ ಮೇಲೆಯೇ ಒತ್ತಿ ತೋರಿಸಿದ್ದ ತೋಳು, ಹೆಗಲಿನಿಂದ ಮೊಣಕೈಯವರೆಗೆ ದೋಸೆಕಲ್ಲಿನ ಮೇಲಿನ ದೋಸೆಯಂತೆ ತೂತುತೂತಾಗಿತ್ತು.

ಕಮಾಂಡೆಂಟರು ಅದನ್ನು ನೋಡಿದರು. ಬೈಯಲು ತೆರೆದ ಬಾಯಿ ಮುಚ್ಚಿತು. ಫೈಲನ್ನೂ ಮುಚ್ಚಿದರು.

"ಇವತ್ತು ಆದಿತ್ಯವಾರ. ಬುಧವಾರ ಸಂಜೆ ಡಾಕ್ಟರನ್ನ ಕಳಿಸ್ತೀನಿ. ಇಪ್ಪತ್ತಮೂರು ತೋಳಲ್ಲೂ ಗಾಯ ಕಾಣಬೇಕು. ಒಂದು ಕಮ್ಮಿಯಾದ್ರೂ ಕ್ಯಾಂಪು ಇಲ್ಲ, ಈ ಪಟ್ಟಿ ನಿಮ್ಮ ಆಫೀಸಿಗೆ ಹೋಗುತ್ತೆ. ಇವರನ್ನ ಹಿಡಿಯೋದು ಬಿಡೋದು ನಿನಗೆ ಸೇರಿದ್ದು. ತಿಳೀತಾ?"

"ತಿಳಿಯಿತು ಸಾರ್."

ಧರ್ಣಪ್ಪ ಪ್ಲಟೂನಿನ ಕಡೆ ತಿರುಗಿದ. ಇಪ್ಪತ್ತಮೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅವನಿಗೆ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಕಿಸೆಗೆ ಕೈ ಹಾಕಿದ.

ಬೆವರು ಒರೆಸಿ ಕಣ್ಣು ಬಿಟ್ಟಾಗ ಬಯಲಿನಲ್ಲಿ ಇಪ್ಪತ್ತಮೂರು ದೊಣ್ಣೆಗಳು ಮಾತ್ರ ಬಿದ್ದಿದ್ದವು. ಬಿದ್ದ ಸಾಲು ಬಹಳ ನೇರವಾಗಿತ್ತು. ಹೆಗ್ಡೆಯವರೂ ಅಲ್ಲಿರಲಿಲ್ಲ. ಅವರ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ, ಓಡುವ ಅಗತ್ಯವೇ ಇರಲಿಲ್ಲ. ಆದರೂ ಓಡಿದ್ದರು.

"ನಿಂತಿದ್ದೀಯಲ್ಲಯ್ಯಾ, ಓಡು, ಹಿಡಿ ಅವರನ್ನ!" ಎಂದರು ಕಮಾಂಡೆಂಟರು.

"ಅವರು ಓಡಲಿ ಸಾರ್. ಅವರಿಗೆ ಪ್ರಾಯ ಉಂಟು" ಎಂದು ಧರ್ಣಪ್ಪ ಕರವಸ್ತ್ರ ಮಡಚಿ ಕಿಸೆಗೆ ಹಾಕಿ, ಮುಂಡು ಎತ್ತಿ ಕಟ್ಟಿ, ನಡೆಯತೊಡಗಿದ.